ಬೆಳಕು ಬದಲಾದಾಗಲೂ ಚಿತ್ರದಲ್ಲಿ ಬಣ್ಣ ಕೆಡದಂತೆ ನೋಡಿಕೊಳ್ಳುವ ಬಗೆ

ಕಣ್ಣು ಮತ್ತು ಮಿದುಳು ಬೆಳಕಿನ ಬಣ್ಣವನ್ನು ತಾವಾಗಿಯೇ ಸರಿದೂಗಿಸಿಕೊಳ್ಳುವುದರಿಂದ, ಬಲ್ಬಿನ ಕೆಳಗಿಟ್ಟ ಬಿಳಿ ಹಾಳೆಯೂ ಬಿಸಿಲಿನಲ್ಲಿಟ್ಟ ಬಿಳಿ ಹಾಳೆಯೂ ನಮಗೆ ಬಿಳಿಯಾಗಿಯೇ ಕಾಣುತ್ತವೆ. ಕ್ಯಾಮೆರಾಕ್ಕೆ ಈ ಹೊಂದಾಣಿಕೆಯನ್ನು ನಾವು ತಿಳಿಸಬೇಕಾಗುತ್ತದೆ. ಅದಕ್ಕಿರುವ ಸಾಧನವೇ ವೈಟ್ ಬ್ಯಾಲೆನ್ಸ್.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಸೂಚಿಸುತ್ತಾರೆ; ಸಂಖ್ಯೆ ಕಡಿಮೆಯಿದ್ದಷ್ಟೂ ಬೆಳಕು ಹಳದಿಗೆ, ಹೆಚ್ಚಿದ್ದಷ್ಟೂ ನೀಲಿಗೆ ವಾಲಿರುತ್ತದೆ. ತಂತಿ ಕಾದು ಉರಿಯುವ ಬಲ್ಬಿನದು ಸುಮಾರು 2,800, ನಡುಹಗಲಿನ ಬಿಸಿಲಿನದು ಸುಮಾರು 5,500, ನೀಲಿ ಆಕಾಶದ ಕೆಳಗಿನ ನೆರಳಿನದು ಸಾಮಾನ್ಯವಾಗಿ 7,000ಕ್ಕೂ ಹೆಚ್ಚು. ಕ್ಯಾಮೆರಾದಲ್ಲಿ ಈ ಸಂಖ್ಯೆಯನ್ನು ಏರಿಸಿದಷ್ಟೂ ಚಿತ್ರ ಹಳದಿಗೆ ವಾಲುವುದು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ; ಬೆಳಕು ನೀಲಿಯಾಗಿದೆ ಎಂಬ ನಮ್ಮ ಮಾತನ್ನು ನಂಬಿ ಕ್ಯಾಮೆರಾ ಹಳದಿಯನ್ನು ಬೆರೆಸುತ್ತದೆ, ಅಷ್ಟೆ.

ಬಟ್ಟೆ ಅಥವಾ ವರ್ಣಚಿತ್ರದಂತಹ, ಬಣ್ಣವೇ ಮುಖ್ಯವಾದ ವಸ್ತುವನ್ನು ಚಿತ್ರಿಸುವಾಗ ಕ್ಯಾಮೆರಾ ತಾನೇ ಬೆಳಕನ್ನು ಊಹಿಸಿ ಹೊಂದಿಸಿಕೊಳ್ಳುವ ಆಟೋ ವ್ಯವಸ್ಥೆಯನ್ನು ನೆಚ್ಚಿಕೊಳ್ಳಬಾರದು. ಚೌಕಟ್ಟಿನ ತುಂಬ ಒಂದೇ ಕೆಂಪು ಇದ್ದರೆ, ಅದನ್ನು ಬೆಳಕಿನ ದೋಷವೆಂದು ಭಾವಿಸಿ ಕ್ಯಾಮೆರಾ ಆ ಕೆಂಪನ್ನು ಮಂಕಾಗಿಸಬಹುದು. ವಸ್ತುವಿನ ಮೇಲೆ ಬೀಳುವ ಬೆಳಕಿನಲ್ಲಿಯೇ ಬೂದು ಬಣ್ಣದ ಕಾರ್ಡೊಂದನ್ನು ಹಿಡಿದು ಮೊದಲು ಅದರ ಚಿತ್ರ ತೆಗೆದು, ಆ ಚಿತ್ರವನ್ನೇ ಕ್ಯಾಮೆರಾದ ಕಸ್ಟಮ್ (ನಾವೇ ಹೊಂದಿಸುವ) ವೈಟ್ ಬ್ಯಾಲೆನ್ಸ್‌ಗೆ ಆಧಾರವಾಗಿ ಕೊಡಿ. ಬೆಳಕು ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಬಿಳಿ ಕಾಗದ ಇದಕ್ಕೆ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಹಲವು ಕಾಗದಗಳಲ್ಲಿ ನೀಲಿ ಹೊಳಪು ಕೊಡುವ ರಾಸಾಯನಿಕವಿರುತ್ತದೆ.

ಕಿಟಕಿಯ ಬೆಳಕೂ ದೀಪದ ಬೆಳಕೂ ಒಟ್ಟಿಗೆ ಬೀಳುವಲ್ಲಿ ಯಾವ ಒಂದು ಸಂಖ್ಯೆಯೂ ಎರಡಕ್ಕೂ ಹೊಂದದು. ದೀಪವನ್ನು ಆರಿಸುವುದೇ ಲೇಸು. ಎಲ್‌ಇಡಿ ದೀಪ ಕೊಳ್ಳುವಾಗ ಅದರ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ) 90ಕ್ಕಿಂತ ಹೆಚ್ಚಿದೆಯೇ ಎಂದು ನೋಡಿ. ಬೆಳಕಿನಲ್ಲಿಯೇ ಇಲ್ಲದ ಬಣ್ಣವನ್ನು ವೈಟ್ ಬ್ಯಾಲೆನ್ಸ್ ಮರಳಿ ತರಲಾರದು. ಚಿತ್ರವನ್ನು ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ದಾಖಲಿಸಿದ ಮಾಹಿತಿಯನ್ನು ಸಂಸ್ಕರಿಸದೆ ಹಾಗೆಯೇ, ಉಳಿಸಿಕೊಂಡರೆ ವೈಟ್ ಬ್ಯಾಲೆನ್ಸನ್ನು ಆಮೇಲೆಯೂ ಗುಣಮಟ್ಟ ಕೆಡದಂತೆ ತಿದ್ದಬಹುದು.