ಗೇಮಿಂಗ್ ಟೂರ್ನಿಯ ನೆನಪಿನ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ?

ವಿಡಿಯೊ ಗೇಮ್ ಟೂರ್ನಿಗೆ ಹೋಗಿ ಬಂದವರ ಮನೆಯಲ್ಲಿ ಏನಾದರೂ ಒಂದು ಉಳಿದೇ ಇರುತ್ತದೆ. ಕೊರಳಿಗೆ ಹಾಕಿಕೊಂಡಿದ್ದ ಪಾಸು, ತಂಡದ ಜೆರ್ಸಿ, ಪದಕ, ಹೆಸರಾಂತ ಆಟಗಾರ ಸಹಿ ಹಾಕಿಕೊಟ್ಟ ಮೌಸ್‌ಪ್ಯಾಡ್. ಹುಬ್ಬಳ್ಳಿ ವಿದ್ಯಾನಗರದ ಕಾಲೇಜು ಫೆಸ್ಟ್‌ನಲ್ಲಿ ಸಿಕ್ಕಿದ್ದಿರಬಹುದು. ರಾತ್ರಿ ಬಸ್ ಹತ್ತಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ತಂದದ್ದಿರಬಹುದು. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅವ್ವ ಅದನ್ನು ಎತ್ತಿ ಹಿಡಿದು, "ಇದನ್ನ ರದ್ದಿಗೆ ಹಾಕ್ಲೇನೋ?" ಅಂತ ಕೇಳುತ್ತಾರೆ. "ಬ್ಯಾಡವ್ವಾ, ಇರಲಿ" ಅಂತ ಮಗ ಕಸಿದುಕೊಳ್ಳುತ್ತಾನೆ. ಇಬ್ಬರಿಗೂ ಅದರ ಬೆಲೆ ಗೊತ್ತಿರುವುದಿಲ್ಲ.

ಇಂಥ ಹೆಚ್ಚಿನ ವಸ್ತುಗಳಿಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಇಲ್ಲ. ಆದರೆ ಕೆಲವಕ್ಕೆ ಇದೆ. ಯಾವುದಕ್ಕೆ ಇದೆ, ಎಷ್ಟಿದೆ ಎಂದು ಸುಮಾರಾಗಿ ಅಂದಾಜು ಮಾಡಲು ಯಾವ ಪರಿಣತರೂ ಬೇಕಿಲ್ಲ. ಸ್ವಲ್ಪ ತಾಳ್ಮೆ, ಒಂದು ನೋಟ್‌ಬುಕ್, ಇಂಟರ್ನೆಟ್ ಇದ್ದರೆ ಸಾಕು.

ಮೊದಲು ಕೇಳಬೇಕಾದ್ದು: ಇದನ್ನು ಯಾರಿಗೆ ಕೊಟ್ಟಿದ್ದರು?

ಒಂದೇ ಟೂರ್ನಿಯಿಂದ ಬಂದ ವಸ್ತುಗಳಲ್ಲಿ ನಾಲ್ಕೈದು ದರ್ಜೆ ಇರುತ್ತವೆ. ಬಾಗಿಲಲ್ಲಿ ಎಲ್ಲರಿಗೂ ಹಂಚಿದ್ದು. ಮಳಿಗೆಯಲ್ಲಿ ದುಡ್ಡಿಗೆ ಮಾರಿದ್ದು. ಆಡಿದವರಿಗೆ ಮಾತ್ರ ಕೊಟ್ಟಿದ್ದು. ಸಿಬ್ಬಂದಿಗೆ, ಪತ್ರಕರ್ತರಿಗೆ ಕೊಟ್ಟಿದ್ದು. ಕೊನೆಗೆ, ಗೆದ್ದವರ ಕೈಗೆ ಬಂದದ್ದು. ಸಾಮಾನ್ಯವಾಗಿ ಇದರಲ್ಲಿ ಮೊದಲು ಹೇಳಿದ್ದರಿಂದ ಕೊನೆಯದಕ್ಕೆ ಹೋದಂತೆ ಬೆಲೆ ಏರುತ್ತದೆ. ನಿಮ್ಮ ಟಿ ಶರ್ಟ್ ಮೇಲೆ 'ಪ್ಲೇಯರ್' ಎಂದಿದೆಯೋ 'ಕ್ರೂ' ಎಂದಿದೆಯೋ, ಏನೂ ಇಲ್ಲವೋ, ಅದನ್ನು ಮೊದಲು ಬರೆದಿಟ್ಟುಕೊಳ್ಳಿ.

ಈ ಲೋಕದಲ್ಲಿ ಎಲ್ಲರೂ ಹೇಳುವ ಉದಾಹರಣೆ ಒಂದಿದೆ. 1990ರಲ್ಲಿ ನಿಂಟೆಂಡೊ ಕಂಪನಿ ಅಮೆರಿಕದಲ್ಲಿ ಊರೂರು ತಿರುಗಿ 'ನಿಂಟೆಂಡೊ ವರ್ಲ್ಡ್ ಚಾಂಪಿಯನ್‌ಶಿಪ್ಸ್' ನಡೆಸಿತು. ಅದಕ್ಕೆಂದೇ ಒಂದು ಕ್ಯಾಸೆಟ್ ಮಾಡಿತ್ತು. ನಮ್ಮಲ್ಲಿ ಟಿವಿ ಗೇಮ್‌ಗೆ ಹಾಕುತ್ತಿದ್ದೆವಲ್ಲ, ಅಂಥದ್ದೇ. ಅದರಲ್ಲಿ ಸೂಪರ್ ಮಾರಿಯೊ ಬ್ರದರ್ಸ್, ರಾಡ್ ರೇಸರ್, ಟೆಟ್ರಿಸ್ ಎಂಬ ಮೂರು ಆಟಗಳ ತುಣುಕುಗಳನ್ನು ಜೋಡಿಸಿದ್ದರು. ಒಟ್ಟು ಸಮಯ 6 ನಿಮಿಷ 21 ಸೆಕೆಂಡು. ಸ್ಪರ್ಧೆ ಮುಗಿದ ಮೇಲೆ ಬೂದು ಬಣ್ಣದ 90 ಕ್ಯಾಸೆಟ್‌ಗಳನ್ನು ಫೈನಲ್ ತಲುಪಿದವರಿಗೆ ಕೊಟ್ಟರು. ಚಿನ್ನದ ಬಣ್ಣದ 26 ಕ್ಯಾಸೆಟ್‌ಗಳನ್ನು ಕಂಪನಿಯ ಪತ್ರಿಕೆಯಾದ ನಿಂಟೆಂಡೊ ಪವರ್ ನಡೆಸಿದ ಸ್ಪರ್ಧೆಯ ಮೂಲಕ ಓದುಗರಿಗೆ ಕೊಟ್ಟರು. ಅಷ್ಟೇ. ಅಂಗಡಿಯಲ್ಲಿ ಅದು ಯಾವತ್ತೂ ಮಾರಾಟಕ್ಕೆ ಬರಲಿಲ್ಲ. ಇವತ್ತು ಅದು ಜಗತ್ತಿನ ಅತಿ ದುಬಾರಿ ಕ್ಯಾಸೆಟ್‌ಗಳಲ್ಲಿ ಒಂದು. ಅದರಲ್ಲಿರುವ ಮಾರಿಯೊ ಆಟ ಮಾತ್ರ ಕೋಟಿಗಟ್ಟಲೆ ಮನೆಗಳಲ್ಲಿದೆ. ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು ಎಂಬುದರ ಮೇಲೆಯೇ ಆ ಬೆಲೆ ನಿಂತಿದೆ.

ಅಪರೂಪ ಆದರೆ ಸಾಲದು, ಬೇಕು ಅನ್ನುವವರೂ ಇರಬೇಕು

ಕಾಲೇಜಿನ ಒಂದು ಟೂರ್ನಿಗೆ ಐದೇ ಪದಕ ಮಾಡಿಸಿರುತ್ತಾರೆ. ಲೆಕ್ಕಕ್ಕೆ ಅದು ನಿಂಟೆಂಡೊ ಕ್ಯಾಸೆಟ್‌ಗಿಂತ ಅಪರೂಪ. ಆದರೆ ಅದನ್ನು ಹುಡುಕಿಕೊಂಡು ಬರುವವರು ಆ ಐದು ಜನರ ಗೆಳೆಯರೇ. ಹಾಗಾಗಿ ಆಟಕ್ಕೆ ಇವತ್ತಿಗೂ ಅಭಿಮಾನಿಗಳಿದ್ದಾರಾ, ಆ ಟೂರ್ನಿಯನ್ನು ಜನ ನೆನಪಿಟ್ಟಿದ್ದಾರಾ, ಅಲ್ಲಿ ಆಡಿದವರು ಮುಂದೆ ಹೆಸರು ಮಾಡಿದರಾ ಎಂದು ನೋಡಬೇಕು.

ನಮ್ಮ ದೇಶದ್ದೇ ಉದಾಹರಣೆ ತೆಗೆದುಕೊಳ್ಳಿ. ಪಬ್‌ಜಿ ಮೊಬೈಲ್‌ನ ಕ್ಯಾಂಪಸ್ ಚಾಂಪಿಯನ್‌ಶಿಪ್ ಫೈನಲ್ 2018ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. 2019ರ ಇಂಡಿಯಾ ಸೀರೀಸ್ ಫೈನಲ್ ಹೈದರಾಬಾದಿನಲ್ಲಿ ನಡೆಯಿತು, ಟೀಮ್ ಸೋಲ್ ಗೆದ್ದಿತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಆ ಆಟವನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಬೇರೆ ಹೆಸರಿನಲ್ಲಿ ಬಂತು. ಅಂದರೆ ಹಳೆ ಹೆಸರಿರುವ ಭಾರತದ ಟೂರ್ನಿಗಳ ಪಾಸು, ಜೆರ್ಸಿಗಳು ಎಷ್ಟಿದ್ದವೋ ಅಷ್ಟೇ. ಆಟಕ್ಕೆ ಅಭಿಮಾನಿಗಳು ಈಗಲೂ ಇದ್ದಾರೆ. ಇವು ಇವತ್ತೇ ದೊಡ್ಡ ಬೆಲೆಗೆ ಹೋಗುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ದಾಖಲೆ: ಇಲ್ಲಿ ಹೆಚ್ಚು ಸಮಯ ಕೊಡಿ

ವಸ್ತು ನಿಮ್ಮ ಕೈಗೆ ಹೇಗೆ ಬಂತು ಎಂದು ತೋರಿಸುವ ಕಾಗದಕ್ಕೆ ಎಷ್ಟು ಬೆಲೆ ಇದೆ ಎನ್ನುವುದು ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ಜೆರ್ಸಿ ಜೋಪಾನವಾಗಿ ಇಡುತ್ತಾರೆ, ಅದರ ಜೊತೆ ಬಂದ ಪತ್ರ ಎಸೆಯುತ್ತಾರೆ. ಕೊಳ್ಳುವವನು ಮೊದಲು ಕೇಳುವುದೇ ಆ ಪತ್ರವನ್ನು.

ನೋಂದಣಿಯ ಇಮೇಲ್, ಆಟಗಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ವೇದಿಕೆಯ ಮೇಲೆ ಅದೇ ಜೆರ್ಸಿ ಹಾಕಿಕೊಂಡು ನಿಂತ ಫೋಟೊ, ಬಸ್ ಟಿಕೆಟ್, ಸರ್ಟಿಫಿಕೇಟ್, ಆ ದಿನದ ನೇರಪ್ರಸಾರದಲ್ಲಿ ನೀವು ಕಾಣುವ ನಿಮಿಷ. ಇವೆಲ್ಲ ಒಂದೇ ಫೈಲಿನಲ್ಲಿ ಇರಲಿ. ಫೋಟೊ ಮೂಲ ಫೈಲ್ ಆಗಿಯೇ ಇರಲಿ. ವಾಟ್ಸ್ಯಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ದಿನಾಂಕ, ಸಮಯದ ವಿವರ ಅಳಿಸಿಹೋಗುತ್ತದೆ. ಬಸ್‌ಸ್ಟ್ಯಾಂಡ್ ಟಿಕೆಟ್ ಥರ ಬಿಸಿಯಲ್ಲಿ ಅಚ್ಚಾದ ಕಾಗದ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಅದನ್ನು ಈಗಲೇ ಸ್ಕ್ಯಾನ್ ಮಾಡಿ.

ಸಹಿ ಇರುವ ವಸ್ತುವಾದರೆ ಇನ್ನೂ ಎಚ್ಚರ ಬೇಕು. ಸಹಿಯ ಪಕ್ಕದಲ್ಲಿ "ನನ್ನ ಮುಂದೆಯೇ ಹಾಕಿದ್ದು" ಎಂದು ಬರೆದರೆ ವಸ್ತು ಕೆಡುತ್ತದೆ. ಬೇರೆ ಹಾಳೆಯಲ್ಲಿ ಬರೆಯಿರಿ: ಯಾರು, ಎಲ್ಲಿ, ಯಾವತ್ತು, ಯಾವ ಪೆನ್ನು, ಜೊತೆಗೆ ಯಾರಿದ್ದರು. ಸಹಿ ಹಾಕುತ್ತಿರುವ ಫೋಟೊ ಒಂದಿದ್ದರೆ ಅದು ಎಲ್ಲದಕ್ಕಿಂತ ಮೇಲು.

ಕೋಡ್ ಇರುವ ಕಾರ್ಡುಗಳದ್ದು ಬೇರೆ ಕಥೆ. ಬ್ಲಿಝಾರ್ಡ್ ಎಂಬ ಗೇಮ್ ಕಂಪನಿ ನಡೆಸುವ ಬ್ಲಿಝ್‌ಕಾನ್‌ನಂಥ ಸಮಾವೇಶಗಳಲ್ಲಿ ಆಟದೊಳಗಿನ ಬಹುಮಾನಕ್ಕೆ ಕೋಡ್ ಕೊಡುತ್ತಿದ್ದರು. ಗೀರದೇ ಇದ್ದ ಕಾರ್ಡಿಗೂ ಗೀರಿದ ಕಾರ್ಡಿಗೂ ಬೆಲೆಯಲ್ಲಿ ಬಹಳ ಅಂತರ ಇದೆ. ಕುತೂಹಲಕ್ಕೆ ಗೀರಬೇಡಿ. ಕೋಡಿನ ಅವಧಿ ಮುಗಿದಿದೆಯಾ ಎಂಬುದನ್ನು ಕಂಪನಿಯ ಸಹಾಯ ಪುಟದಲ್ಲಿ ನೋಡಿ.

ಅಸಲಿಯೋ ನಕಲಿಯೋ

ಮುದ್ರಣದ ವಿಷಯದಲ್ಲಿ ನಾವು ಅದೃಷ್ಟವಂತರು. ಗದಗ ಮುದ್ರಣದ ಊರು. ಅಲ್ಲಿ ಆಫ್‌ಸೆಟ್ ಕೆಲಸ ಮಾಡಿ ಕೈ ಪಳಗಿದವರಿಗೆ ಒಂದು ಪೋಸ್ಟರ್ ತೋರಿಸಿದರೆ ಯಾವ ಯಂತ್ರದ ಅಚ್ಚು ಎಂದು ಹೇಳುತ್ತಾರೆ. ನೀವೂ ನೋಡಬಹುದು. ವಾಚ್ ರಿಪೇರಿಯವರ ಹತ್ತಿರ ಇರುವ ಸಣ್ಣ ಭೂತಗನ್ನಡಿ ಸಾಕು. ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ, ಹೂವಿನ ಎಸಳಿನಂತೆ ಕೂಡಿರುತ್ತವೆ. ಇಂಕ್‌ಜೆಟ್‌ನಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿ. 1990ರ ದಶಕದ ಪೋಸ್ಟರ್ ಎಂದು ಮಾರುವುದರಲ್ಲಿ ಇಂಕ್‌ಜೆಟ್ ಚುಕ್ಕಿ ಕಂಡರೆ ಅನುಮಾನ ಪಡಿ.

ಜೆರ್ಸಿಯಾದರೆ ಬಣ್ಣ ಬಟ್ಟೆಯ ನೂಲಿಗೇ ಇಳಿದಿದೆಯಾ, ಮೇಲೆ ಪ್ಲಾಸ್ಟಿಕ್ ಪದರದಂತೆ ಕೂತಿದೆಯಾ ಎಂದು ಉಗುರಿನಿಂದ ಮುಟ್ಟಿ ನೋಡಿ. ಟೂರ್ನಿಯ ಹಳೆ ವಿಡಿಯೊದಲ್ಲಿ ಕಾಣುವ ಜೆರ್ಸಿಯ ಕಾಲರ್, ಪ್ರಾಯೋಜಕರ ಗುರುತು, ಅಕ್ಷರದ ದಪ್ಪ ಇವನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಒಂದು ಜೆರ್ಸಿಯ ನಕಲು ಮಾಡಿಸುವುದು ಈಗ ಯಾವ ಊರಿನಲ್ಲೂ ಕಷ್ಟವಲ್ಲ.

ಕ್ಯಾಸೆಟ್‌ಗಳಲ್ಲಿ ನಕಲಿ ಇನ್ನೂ ಜಾಸ್ತಿ. ನಿಂಟೆಂಡೊದ ಚಿನ್ನದ ಬಣ್ಣದ ಕ್ಯಾಸೆಟ್‌ಗೆ ಬಳಸಿದ ಹೊರಕವಚ, ಝೆಲ್ಡಾ ಎಂಬ ಇನ್ನೊಂದು ಆಟದ ಕ್ಯಾಸೆಟ್‌ನಂಥದ್ದೇ. ಝೆಲ್ಡಾ ಸುಲಭವಾಗಿ ಸಿಗುತ್ತದೆ. ಹೊಸ ಲೇಬಲ್ ಅಂಟಿಸಿದರೆ ಹೊರಗಿನಿಂದ ಸುಲಭವಾಗಿ ಗೊತ್ತಾಗುವುದಿಲ್ಲ. ಒಳಗೂ ನೋಡಬೇಕು. ಅಸಲಿಯ ಬೋರ್ಡಿನಲ್ಲಿ ಆಟವನ್ನು ತುಂಬಿಟ್ಟ ಇಪಿರಾಮ್ ಎಂಬ ಚಿಪ್‌ಗಳಿವೆ. ಆಟದ ಸಮಯ ಬದಲಿಸುವ ಪುಟ್ಟ ಸ್ವಿಚ್‌ಗಳ ಸಾಲು ಕ್ಯಾಸೆಟ್‌ನ ಮುಂಭಾಗದಲ್ಲೇ ಕಾಣುತ್ತದೆ. ಇಪಿರಾಮ್ ಚಿಪ್ ಮೇಲೆ ಸ್ಟಿಕ್ಕರ್ ಇದ್ದರೆ ಕೀಳಬೇಡಿ. ಅದರಡಿ ಗಾಜಿನ ಕಿಟಕಿ ಇರುತ್ತದೆ. ನೇರಳಾತೀತ ಬೆಳಕು ಬಿದ್ದರೆ ಒಳಗಿನ ಆಟವೇ ಅಳಿಸಿಹೋಗುತ್ತದೆ.

ಸ್ಥಿತಿ

ಇದ್ದದ್ದನ್ನು ಇದ್ದ ಹಾಗೆ ಇಡಿ. ಹಿತ್ತಾಳೆ ಟ್ರೋಫಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಸಹಿ ಇರುವ ಜೆರ್ಸಿ ಒಗೆಯಬೇಡಿ. ಪಾಸನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಮಾಡಿಸಿದರೆ ಸಂಗ್ರಹಕಾರರು ಬೆಲೆ ಇಳಿಸಿಬಿಡುತ್ತಾರೆ. ಧಾರವಾಡದ ಮಳೆಗಾಲದ ತೇವ ಕಾಗದಕ್ಕೆ ಶತ್ರು. ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಡಾಂಬರು ಗುಳಿಗೆ ಪ್ಲಾಸ್ಟಿಕ್‌ಗೆ ತಾಗದಿರಲಿ. ಪಿವಿಸಿ ಕವರ್ ಬೇಡ, ಅದು ಶಾಯಿಗೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಕವರ್ ಕೇಳಿ ತನ್ನಿ.

ಹೇಳುವ ಬೆಲೆ ಬಿಡಿ, ಮಾರಿದ ಬೆಲೆ ಹುಡುಕಿ

ಎಡವುವುದು ಇಲ್ಲಿಯೇ. ಜನ ತಮ್ಮ ವಸ್ತು ಮಾರುವ ಇಬೇ ಜಾಲತಾಣ ತೆರೆದು ನಿಮ್ಮ ವಸ್ತುವಿನ ಹೆಸರು ಹಾಕುತ್ತೀರಿ. ಯಾರೋ ಒಬ್ಬರು ಒಂದು ಲಕ್ಷ ಎಂದು ಹಾಕಿರುತ್ತಾರೆ. ಅದು ಬೆಲೆಯಲ್ಲ, ಆಸೆ. ಹಾವೇರಿಯ ದನದ ಸಂತೆಯಲ್ಲಿ ಬಾಯಲ್ಲಿ ಹೇಳುವ ರೇಟು ಬೇರೆ, ಟವೆಲ್ಲಿನಡಿ ಬೆರಳು ಹಿಡಿದು ಕುದುರುವ ರೇಟು ಬೇರೆ ಅಲ್ವಾ? ಇಲ್ಲಿಯೂ ಕುದುರಿದ ರೇಟೇ ಬೇಕು.

ಇಬೇಯಲ್ಲಿ 'ಸೋಲ್ಡ್ ಐಟಮ್ಸ್' ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಸುಮಾರು 90 ದಿನಗಳಲ್ಲಿ ನಿಜಕ್ಕೂ ಮಾರಾಟವಾದವು ಕಾಣುತ್ತವೆ. ಬೆಲೆಯ ಮೇಲೆ ಗೆರೆ ಎಳೆದಿದ್ದರೆ ಚೌಕಾಸಿ ಮಾಡಿ ಅದಕ್ಕಿಂತ ಕಡಿಮೆಗೆ ಕೊಟ್ಟಿದ್ದಾರೆ ಎಂದು ಅರ್ಥ. ಹೆರಿಟೇಜ್ ಆಕ್ಷನ್ಸ್ ಎಂಬ ಅಮೆರಿಕದ ಹರಾಜು ಸಂಸ್ಥೆಯ ಜಾಲತಾಣದಲ್ಲಿ ಹಳೆ ಹರಾಜುಗಳ ಪಟ್ಟಿ ಇದೆ. ಕ್ಯಾಸೆಟ್, ಡಿಸ್ಕ್‌ಗಳಿಗೆ ಪ್ರೈಸ್‌ಚಾರ್ಟಿಂಗ್ ಎಂಬ ತಾಣ ಉಪಯೋಗಕ್ಕೆ ಬರುತ್ತದೆ.

ಹರಾಜಿನ ಸುದ್ದಿ ಓದುವಾಗ ಒಂದು ಮಾತು ನೆನಪಿರಲಿ. 2021ರ ಜುಲೈನಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೊ 64 ಹೆರಿಟೇಜ್‌ನಲ್ಲಿ 15.6 ಲಕ್ಷ ಡಾಲರ್‌ಗೆ ಹೋಯಿತು. ಅದರಲ್ಲಿ ಕೂಗಿದ ಬೆಲೆ 13 ಲಕ್ಷ. ಉಳಿದ 2.6 ಲಕ್ಷ, ಅಂದರೆ ಕೂಗಿದ ಬೆಲೆಯ ಶೇ 20, ಹರಾಜು ಸಂಸ್ಥೆ ಕೊಳ್ಳುವವರಿಂದ ಪಡೆಯುವ ಶುಲ್ಕ. ಮಾರುವವರಿಗೆ ಪತ್ರಿಕೆಯಲ್ಲಿ ಬಂದ ಮೊತ್ತ ಸಿಗುವುದಿಲ್ಲ. ಇನ್ನೊಂದು ವಿಷಯ, ಅದು ಕೋವಿಡ್ ಕಾಲದ ಭರಾಟೆ. ಆಮೇಲೆ ಈ ಮಾರುಕಟ್ಟೆ ತಣ್ಣಗಾಯಿತು. ಹಾಗಾಗಿ ಸಿಕ್ಕ ಪ್ರತಿ ಬೆಲೆಯ ಪಕ್ಕದಲ್ಲಿ ದಿನಾಂಕ ಬರೆಯಿರಿ. 2021ರ ಬೆಲೆ ಹಿಡಿದುಕೊಂಡು ಈಗ ಕೂತರೆ ಸುಮ್ನೆ ನಿರಾಸೆ.

ನಿಮ್ಮದೇ ವಸ್ತು ಮಾರಾಟವಾದ ದಾಖಲೆ ಸಿಗದಿದ್ದರೆ ಹತ್ತಿರದ್ದನ್ನು ಹಿಡಿಯಿರಿ: ಅದೇ ಟೂರ್ನಿಯ ಬೇರೆ ವರ್ಷ, ಅದೇ ಆಟದ ಬೇರೆ ಟೂರ್ನಿ, ಅದೇ ಆಟಗಾರನ ಬೇರೆ ಸಹಿ.

ಲೆಕ್ಕ ಹಾಕೋಣ

ನಿಮ್ಮ ಹತ್ತಿರ ಒಂದು ಜೆರ್ಸಿ ಇದೆ ಅಂದುಕೊಳ್ಳಿ. ಅಂಥವು ನಾಲ್ಕು ಮಾರಾಟವಾದದ್ದು ಸಿಕ್ಕಿತು: 6,000, 7,500, 8,000, 21,000 ರೂಪಾಯಿ. ಕೊನೆಯದನ್ನು ತೆರೆದು ನೋಡಿದರೆ ಗೆದ್ದ ತಂಡದ ಎಲ್ಲರ ಸಹಿ ಇದೆ. ನಿಮ್ಮದರಲ್ಲಿ ಇಲ್ಲ. ಅದನ್ನು ಪಕ್ಕಕ್ಕಿಡಿ. ಉಳಿದ ಮೂರರಲ್ಲಿ ನಡುವಿನದು 7,500. ನಿಮ್ಮ ಜೆರ್ಸಿಯ ಕಾಲರ್ ಹತ್ತಿರ ಕಲೆ ಇದೆ, 6,000ಕ್ಕೆ ಇಳಿಸಿ. ಆದರೆ ಪಾಸು ಮತ್ತು ವೇದಿಕೆಯ ಫೋಟೊ ಜೊತೆಗಿದೆ, 7,000ಕ್ಕೆ ಏರಿಸಿ. ಈ ಏರಿಳಿತಕ್ಕೆ ಸೂತ್ರ ಇಲ್ಲ. ಹತ್ತಾರು ಮಾರಾಟಗಳನ್ನು ನೋಡಿದಾಗ ಕಣ್ಣಿಗೆ ಅಂದಾಜು ಸಿಗುತ್ತದೆ.

ಈಗ ಖರ್ಚು ಕಳೆಯಿರಿ. ಜಾಲತಾಣದ ಕಮಿಶನ್ ಶೇ 13 ಎಂದರೆ 910. ವಿದೇಶಕ್ಕೆ ಪ್ಯಾಕಿಂಗ್, ಅಂಚೆ ಸೇರಿ 1,200 ಅನ್ನೋಣ. ಡಾಲರ್ ರೂಪಾಯಿ ಆಗುವಾಗ 250 ಹೋಯಿತು. ಕೈಗೆ ಬರುವುದು 4,640. ಹಾಗಾದರೆ ಇಲ್ಲೇ ಊರಿನ ಸಂಗ್ರಹಕಾರ 5,000 ಕೊಡುತ್ತೇನೆ ಎಂದರೆ ಅದೇ ಒಳ್ಳೆಯ ವ್ಯಾಪಾರ.

ನೋಟ್‌ಬುಕ್‌ನಲ್ಲಿ ಒಂದೇ ಅಂಕಿ ಬರೆಯಬೇಡಿ. "ಅವಸರಕ್ಕೆ ಮಾರಿದರೆ 5,500, ಕಾದು ಮಾರಿದರೆ 8,000" ಎಂದು ಎರಡು ಅಂಕಿ ಬರೆದು, ದಿನಾಂಕ ಹಾಕಿ. ವರ್ಷಕ್ಕೊಮ್ಮೆ ತಿದ್ದಿ.

ವಿಡಿಯೊ ಗೇಮ್‌ಗಳ ಸ್ಥಿತಿ ನೋಡಿ ದರ್ಜೆ ಹಾಕುವ ವಾಟಾ, ವಿಜಿಎಯಂಥ ಸಂಸ್ಥೆಗಳಿಗೆ ಕಳಿಸುವುದು ದುಬಾರಿ ಕ್ಯಾಸೆಟ್, ಡಿಸ್ಕ್‌ಗಳಿಗೆ ಮಾತ್ರ ಸರಿ. ಜೆರ್ಸಿಗೆ ಅದು ಸಂಬಂಧಿಸಿದ್ದಲ್ಲ.

ಮಾರುವುದಾದರೆ

ವಿದೇಶಕ್ಕೆ ಕಳಿಸುವ ಮುಂಚೆ ಅಂಚೆ ಕಚೇರಿಯಲ್ಲಿ ಸದ್ಯದ ನಿಯಮ ಕೇಳಿ. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿ ತೆಗೆದುಹಾಕಿತು. ಸುಂಕ ಯಾರು ಕಟ್ಟಬೇಕು ಎಂದು ಕೊಳ್ಳುವವರ ಜೊತೆ ಮೊದಲೇ ಬರಹದಲ್ಲಿ ಮಾತಾಡಿಕೊಳ್ಳಿ. ದಾಖಲೆಗಳ ಫೋಟೊ ಕಳಿಸುವಾಗ ನಿಮ್ಮ ಫೋನ್ ನಂಬರ್, ವಿಳಾಸ ಮುಚ್ಚಿ, ಮೂಲ ಪತ್ರಗಳನ್ನು ಹಣ ಬಂದ ಮೇಲೆ ವಸ್ತುವಿನ ಜೊತೆಗೇ ಕೊಡಿ. ಊರಲ್ಲೇ ಮಾರುವುದಾದರೆ ಎದುರು ಕೂತು ಕೊಡಿ. "ಅಡ್ವಾನ್ಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ. ಹಣ ಬರಬೇಕಾದರೆ ನೀವು ಪಿನ್ ಒತ್ತಬೇಕಾಗಿಲ್ಲ.