ರೋಟವೇಟರ್, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಡೆಸುವಾಗ

ಟ್ರ್ಯಾಕ್ಟರಿನಿಂದ ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ರೋಟವೇಟರ್‌ಗೆ ಶಕ್ತಿ ಸಾಗಿಸುವ ಪಿಟಿಒ (ಪವರ್ ಟೇಕ್-ಆಫ್) ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಅಂಚೋ, ಹೆಗಲ ಮೇಲಿನ ಟವೆಲೋ, ಸೀರೆಯ ಸೆರಗೋ ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಆದ್ದರಿಂದ ಮೈಗೆ ಅಂಟುವ ಬಟ್ಟೆ ತೊಡಿ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸುವ ತನಕ ಯಂತ್ರವನ್ನು ಹೊಲಕ್ಕೆ ಇಳಿಸಬೇಡಿ. ಗ್ರೀಸ್ ಹಾಕಲು ಅಡ್ಡಿಯಾಗುತ್ತದೆಂದು ಕವಚವನ್ನೇ ಕಿತ್ತಿಡುವ ರೂಢಿ ನಮ್ಮಲ್ಲಿದೆ. ಅದು ಖಂಡಿತ ನಿಲ್ಲಬೇಕು.

ಬ್ಲೇಡುಗಳಿಗೆ ಹಂಬು, ಹಳೆಯ ಡ್ರಿಪ್ ಪೈಪು ಸುತ್ತಿಕೊಂಡಾಗಲೇ ಹೆಚ್ಚು ಎಚ್ಚರ ಬೇಕು. ಪಿಟಿಒ ಲಿವರಿನಿಂದ ಶಾಫ್ಟಿಗೆ ಹೋಗುವ ಶಕ್ತಿ ನಿಲ್ಲಿಸಿ, ರೋಟವೇಟರನ್ನು ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡೇ ಕೆಳಗಿಳಿಯಿರಿ. ಬ್ಲೇಡುಗಳು ಪೂರ್ತಿ ನಿಂತ ಮೇಲೆ ಮಾತ್ರ ಹತ್ತಿರ ಹೋಗಿ. ಮೇಲೆತ್ತಿಯೇ ಬಿಡಿಸಬೇಕಾದರೆ ಅಡಿಗೆ ಗಟ್ಟಿ ಮರದ ದಿಮ್ಮಿ ಕೊಡಿ, ಏಕೆಂದರೆ ಎಂಜಿನ್ ಆರಿದ್ದರೂ ಯಂತ್ರವನ್ನು ಎತ್ತಿ ಹಿಡಿಯುವ ಲಿಫ್ಟಿನ ಎಣ್ಣೆ ಸೋರಿ ಅದು ಕುಸಿಯಬಹುದು.

ಕೆಸರುಗದ್ದೆಯಲ್ಲಿ ಚಕ್ರ ಹೂತಾಗ ಅದಕ್ಕೆ ಮರದ ತುಂಡು ಕಟ್ಟಿ ಮುಂದಕ್ಕೆ ಎಬ್ಬಿಸಲು ಹೋಗುವುದು ಅತ್ಯಂತ ಅಪಾಯದ ಉಪಾಯ. ಹಿಂದಿನ ಚಕ್ರ ತಿರುಗಲಾರದಂತಾದಾಗ ಎಂಜಿನ್ನಿನ ಬಲವು ಟ್ರ್ಯಾಕ್ಟರಿನ ಮೂತಿಯನ್ನೇ ಮೇಲಕ್ಕೆತ್ತುತ್ತದೆ, ಚಾಲಕ ಕ್ಲಚ್ ತುಳಿಯುವ ಮೊದಲೇ ಅದು ಹಿಂದಕ್ಕೆ ಮಗುಚಬಹುದು. ರಿವರ್ಸ್ ಗೇರಿನಲ್ಲಿ ನಿಧಾನವಾಗಿ ಬರಲು ನೋಡಿ. ಆಗದಿದ್ದರೆ ಚಕ್ರದ ಹಿಂದಿನ ಮಣ್ಣು ತೆಗೆಯಿರಿ, ಇಲ್ಲವೇ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಿ. ಇದೇ ಕಾರಣಕ್ಕೆ ಎಳೆಯುವ ಸರಪಳಿಯನ್ನು ಟಾಪ್ ಲಿಂಕಿಗಾಗಲಿ (ಉಪಕರಣ ಜೋಡಿಸುವ ಮೇಲಿನ ತೋಳು) ಆಕ್ಸಲ್‌ಗಾಗಲಿ (ಚಕ್ರದ ಅಚ್ಚು) ಕಟ್ಟದೆ ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಹಿಚ್ಚಿಗೇ (ಎಳೆಯುವ ಕೊಂಡಿ) ಕಟ್ಟಬೇಕು. ಉರುಳು ರಕ್ಷಣೆಯ ಚೌಕಟ್ಟು ಇರುವ ಟ್ರ್ಯಾಕ್ಟರಿನಲ್ಲಿ ಸೀಟ್ ಬೆಲ್ಟ್ ಹಾಕಿದರೆ ಮಾತ್ರ ಆ ಚೌಕಟ್ಟಿನ ಪ್ರಯೋಜನ ಪೂರ್ತಿ ಸಿಗುತ್ತದೆ.

ಉಳುವಾಗ ತಿರುವಿಗೆಂದು ಬೇರ್ಪಡಿಸಿದ ಎಡ-ಬಲ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮೊದಲು ಕೊಂಡಿ ಹಾಕಿ ಒಂದುಗೂಡಿಸಿ. ವೇಗದಲ್ಲಿ ಒಂದೇ ಕಡೆಯ ಬ್ರೇಕ್ ಹಿಡಿದರೆ ಗಾಡಿ ಗಿರ್ರನೆ ತಿರುಗಿ ಉರುಳಬಹುದು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನಾಗಲಿ ಆಳುಗಳನ್ನಾಗಲಿ ಕೂರಿಸಬೇಡಿ: ಅಲ್ಲಿಂದ ಜಾರಿದವರು ಬೀಳುವುದು ದೊಡ್ಡ ಚಕ್ರದ ಕೆಳಗೇ. ಮಂಡ್ಯ, ಬೆಳಗಾವಿಯ ಕಡೆ ರಾತ್ರಿಯೆಲ್ಲ ಸಾಗುವ ಕಬ್ಬಿನ ಟ್ರೇಲರ್‌ಗಳ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು, ಹೊರಚಾಚಿದ ಜಲ್ಲೆಗಳು ಅದನ್ನು ಮುಚ್ಚಿರಬಾರದು.