‘ಬೇಡ’ ಅಂದವರಿಗೆ ಅಲ್ಲಿ ಏನಾಗುತ್ತದೆ?

ನಾನು ಆಪ್ತ ಸಮಾಲೋಚಕಿ. ಮನೆಯವರೊಬ್ಬರು ಯಾವುದೋ ಗುಂಪಿಗೆ ಸೇರಿ ಪೂರ್ತಿ ಬದಲಾಗಿಬಿಟ್ಟರು ಅಂತ ಗಾಬರಿಯಾದ ಕುಟುಂಬಗಳು ನನ್ನ ಹತ್ತಿರ ಬರುತ್ತವೆ. ಬಂದವರು ಮೊದಲು ಹೇಳುವುದು ಆ ಗುಂಪಿನ ನಂಬಿಕೆಗಳ ಬಗ್ಗೆ. “ಮೇಡಂ, ಇಷ್ಟು ಓದಿದ ಹುಡುಗಿ ಇಂಥದ್ದನ್ನೆಲ್ಲ ಹೇಗೆ ನಂಬಿದಳು? ತಲೆ ಕೆಡಿಸಿಬಿಟ್ಟಿದ್ದಾರೆ.” ನಾನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಆಮೇಲೆ ನನ್ನ ಪ್ರಶ್ನೆ ಕೇಳುತ್ತೇನೆ: ಆ ಗುಂಪಿನಲ್ಲಿ ಯಾರಾದರೂ ‘ಬೇಡ’ ಅಂದರೆ ಅವರಿಗೆ ಏನಾಗುತ್ತದೆ?

ನಂಬಿಕೆ ವಿಚಿತ್ರವಾಗಿದೆ ಅಂದ ಮಾತ್ರಕ್ಕೆ ಗುಂಪು ಅಪಾಯಕಾರಿ ಆಗುವುದಿಲ್ಲ. ನನಗೆ ಚೂರೂ ಒಪ್ಪಿಗೆಯಾಗದ ವಿಷಯಗಳನ್ನು ನಂಬಿಕೊಂಡು ನೆಮ್ಮದಿಯಾಗಿ ಬದುಕುವವರು ಎಷ್ಟೋ ಮಂದಿ ಇದ್ದಾರೆ. ಮನಸ್ಸಾದಾಗ ಹೋಗುತ್ತಾರೆ, ಬೇಡವೆನಿಸಿದಾಗ ಬಿಡುತ್ತಾರೆ. ಅದೇ, ಯಾರು ಕೇಳಿದರೂ ತಲೆದೂಗುವಂಥ ಒಳ್ಳೆಯ ಗುರಿ ಇಟ್ಟುಕೊಂಡ ಗುಂಪು ಜನರನ್ನು ಹಿಂಡಿ ಹಾಕಬಹುದು. ಜಿಮ್ ಜೋನ್ಸ್ ಎಂಬ ಧರ್ಮಬೋಧಕ ಕಟ್ಟಿದ ‘ಪೀಪಲ್ಸ್ ಟೆಂಪಲ್’ ಎಂಬ ಗುಂಪಿಗೆ ಅಮೆರಿಕದಲ್ಲಿ ಜನ ಸೇರಿದ್ದು ಸಾಯುವುದಕ್ಕಲ್ಲ. ಅಲ್ಲಿ ಕರಿಯರು ಬಿಳಿಯರು ಒಟ್ಟಿಗೆ ಕೂರುತ್ತಿದ್ದರು, ಬಡವರಿಗೆ ಊಟ ಸಿಗುತ್ತಿತ್ತು, ವಯಸ್ಸಾದವರಿಗೆ ಆಸರೆ ಇತ್ತು. ಆಮೇಲೆ ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿನಲ್ಲಿ ಜೋನ್ಸ್‌ಟೌನ್ ಎಂಬ ಊರನ್ನೇ ಕಟ್ಟಿಕೊಂಡಾಗ ಜನರ ಪಾಸ್‌ಪೋರ್ಟ್ ಗುಂಪಿನ ವಶವಾಯಿತು. ಪತ್ರಗಳನ್ನು ತೆರೆದು ನೋಡುತ್ತಿದ್ದರು. ಒಟ್ಟಾಗಿ ಸಾಯುವುದರ ತಾಲೀಮೂ ನಡೆದಿತ್ತು. 1978ರ ನವೆಂಬರ್ 18ರಂದು ಕೆಲವರು, ಅಲ್ಲಿಗೆ ವಿಚಾರಿಸಲು ಬಂದಿದ್ದ ಅಮೆರಿಕದ ಸಂಸದ ಲಿಯೋ ರಯಾನ್ ಜೊತೆ ಹೊರಟುಬಿಡಲು ನೋಡಿದರು. ವಿಮಾನದ ಹತ್ತಿರ ಗುಂಪಿನವರು ಅವರ ಮೇಲೆ ಗುಂಡು ಹಾರಿಸಿದರು. ರಯಾನ್ ಸೇರಿ ಐವರು ಸತ್ತರು. ಅದೇ ದಿನ ಆ ತಾಲೀಮು ನಿಜವಾಯಿತು: ಒಟ್ಟು 900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 300 ಮಕ್ಕಳು. ಆ ಗುಂಪು ಏನನ್ನು ನಂಬಿತ್ತು ಅನ್ನುವುದಕ್ಕಿಂತ ಹೊರಟವರನ್ನು ಏನು ಮಾಡಿತು ಅನ್ನುವುದರಲ್ಲೇ ಅದರ ನಿಜರೂಪ ಇತ್ತು.

ಇಷ್ಟು ದೂರ ಹೋಗುವ ಗುಂಪುಗಳು ತೀರ ಕಡಿಮೆ. ದಿನಾ ನನ್ನೆದುರು ಬರುವುದು ಸಣ್ಣ ಪ್ರಮಾಣದವು: ವ್ಯಕ್ತಿತ್ವ ವಿಕಸನದ ತರಗತಿ, ಸರಪಳಿ ಮಾರಾಟದ ತಂಡ, ಧ್ಯಾನದ ಕೂಟ, ಕೆಲವೊಮ್ಮೆ ಬರೀ ಒಂದು ಆಫೀಸು. ಅಲ್ಲಿ ಯಾರೂ ಗುಂಡು ಹಾರಿಸುವುದಿಲ್ಲ. ಹಾಗಾಗಿ ನನ್ನ ಪ್ರಶ್ನೆಗಳೂ ಸಾದಾ. ಮೊನ್ನೆ ಸಭೆಗೆ ಬಾರದವರ ಬಗ್ಗೆ ಏನು ಮಾತಾಡಿಕೊಂಡರು? ಮುಖ್ಯಸ್ಥರು ಹೇಳಿದ್ದು ತಪ್ಪು ಅಂತ ಯಾರಾದರೂ ಎಲ್ಲರೆದುರು ಹೇಳಿದ್ದು ನೆನಪಿದೆಯಾ? ಬಿಟ್ಟು ಹೋದವರ ಜೊತೆ ಈಗಲೂ ಮಾತಾಡುತ್ತೀರಾ? ದುಡ್ಡಿನ ಲೆಕ್ಕ ಕೇಳಿದರೆ ಯಾರು ತೋರಿಸುತ್ತಾರೆ?

“ಅವರಿಗೆ ಹಿಡಿಸಲಿಲ್ಲ, ಹೋದರು. ಮೊನ್ನೆ ಮದುವೆಯಲ್ಲಿ ಸಿಕ್ಕಿದ್ದರು” ಅಂತ ಉತ್ತರ ಬಂದರೆ ನನ್ನ ಅರ್ಧ ಚಿಂತೆ ಇಳಿಯುತ್ತದೆ. “ಅವರಿಗೆ ಅಹಂಕಾರ”, “ಅವರಿಗೆ ಅರ್ಹತೆ ಇರಲಿಲ್ಲ”, “ಅವರ ಹೆಸರು ಎತ್ತಬೇಡಿ” ಅಂತ ಬಂದರೆ ಕಿವಿ ನೆಟ್ಟಗಾಗುತ್ತದೆ. ಹೋದವರೆಲ್ಲರಲ್ಲೂ ಏನಾದರೊಂದು ಕೊರತೆ, ಗುಂಪಿನಲ್ಲಿ ಮಾತ್ರ ಎಂದೂ ಕೊರತೆ ಇಲ್ಲ — ಇದು ಹೇಗೆ ಸಾಧ್ಯ? ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್ 1950ರ ದಶಕದಲ್ಲಿ ಚೀನಾದ ಜೈಲುಗಳಿಂದ ಹೊರಬಂದವರನ್ನು ಮಾತಾಡಿಸಿ, ಮನಸ್ಸನ್ನು ಒತ್ತಾಯದಿಂದ ತಿದ್ದುವ ಕಡೆ ಕಾಣುವ ಎಂಟು ಲಕ್ಷಣಗಳನ್ನು 1961ರಲ್ಲಿ ಬರೆದರು. ಅದರಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಎರಡು. ಒಂದು, ಸಿದ್ಧಾಂತಕ್ಕೂ ನಿಮ್ಮ ಅನುಭವಕ್ಕೂ ತಾಳೆಯಾಗದಿದ್ದರೆ ನಿಮ್ಮ ಅನುಭವವೇ ತಪ್ಪು ಅನ್ನುವುದು. ಇನ್ನೊಂದು, ಯೋಚನೆಯನ್ನು ಅಲ್ಲೇ ನಿಲ್ಲಿಸುವ ಸಿದ್ಧ ಮಾತುಗಳು. “ನಿನ್ನ ಮನಸ್ಸು ಇನ್ನೂ ಪಕ್ವವಾಗಿಲ್ಲ” ಅಂದರೆ ಮುಗಿಯಿತು. ಕೇಳಿದ ಪ್ರಶ್ನೆ ಹಾಗೇ ಉಳಿಯುತ್ತದೆ, ಕೇಳಿದವರ ಮೇಲೆ ತೀರ್ಪು ಬಂದಿರುತ್ತದೆ.

ನನ್ನ ಸ್ವಂತ ಬದುಕಿನಲ್ಲಿ ನಾನು ಬಿಡದೆ ಪಾಲಿಸುವುದು ಒಂದು: ಯಾರೇ ಕೇಳಲಿ, ಅಲ್ಲೇ ಹೂಂ ಅನ್ನುವುದಿಲ್ಲ. “ನಾಳೆ ಹೇಳುತ್ತೇನೆ” ಅನ್ನುತ್ತೇನೆ. ಚಿಕ್ಕ ವಿಷಯಕ್ಕೂ ಹಾಗೆಯೇ. ಯಾಕೆಂದರೆ ಎಲ್ಲವೂ ಶುರುವಾಗುವುದು ಚಿಕ್ಕದರಿಂದಲೇ. ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬಿಬ್ಬರು ಮನೋವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ‘ಜಾಗ್ರತೆಯಿಂದ ಗಾಡಿ ಓಡಿಸಿ’ ಎಂಬ ದೊಡ್ಡ, ಅಂದಗೆಟ್ಟ ಬೋರ್ಡನ್ನು ನಿಮ್ಮ ಮನೆ ಮುಂದೆ ನೆಡುತ್ತೇವೆ ಅಂತ ನೇರವಾಗಿ ಕೇಳಿದಾಗ ಶೇ. 17ರಷ್ಟು ಜನ ಮಾತ್ರ ಒಪ್ಪಿದರು. ಇನ್ನು ಕೆಲವರಿಗೆ ಸುಮಾರು ಎರಡು ವಾರ ಮುಂಚೆ ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಅಂಟಿಸಿಕೊಳ್ಳಲು ಕೇಳಿದ್ದರು. ಆಮೇಲೆ ದೊಡ್ಡ ಬೋರ್ಡಿಗೆ ಅವರಲ್ಲಿ ಶೇ. 76ರಷ್ಟು ಜನ ಒಪ್ಪಿದರು. ಯಾರೂ ಬೆದರಿಸಿರಲಿಲ್ಲ. ಒಮ್ಮೆ ಹೂಂ ಅಂದವರಿಗೆ ತಾವು ಹೂಂ ಅನ್ನುವವರು ಅನಿಸಿಬಿಟ್ಟಿತ್ತು, ಅಷ್ಟೇ.

“ನಾಳೆ ಹೇಳುತ್ತೇನೆ” ಅಂದ ಕೂಡಲೇ ಎದುರಿನವರ ಮುಖ ನೋಡಬೇಕು. “ಆಯ್ತು, ನಿಧಾನ ಯೋಚನೆ ಮಾಡಿ” ಅಂತಾರಾ? “ಇವತ್ತೇ ಕೊನೆ, ಯೋಚನೆ ಮಾಡುವವರು ಮುಂದೆ ಬರುವುದಿಲ್ಲ” ಅಂತಾರಾ? ಒಳ್ಳೆಯ ಸಂಗತಿ ಒಂದು ರಾತ್ರಿ ಕಳೆದರೆ ಕೆಡುವುದಿಲ್ಲ. ಬರುವವರಿಗೂ ಈ ವಾಕ್ಯವನ್ನು ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸುತ್ತೇನೆ. ಮನಸ್ಸಿನಲ್ಲಿ ಸುಲಭವಾಗಿ ಬರುವ ಮಾತು ಎದುರಿಗೆ ಹತ್ತು ಜನ ನಗುತ್ತಾ ಕೂತಾಗ ಗಂಟಲಲ್ಲೇ ನಿಲ್ಲುತ್ತದೆ. ಜೊತೆಗೆ ಇನ್ನೊಂದು ಕೆಲಸ ಹೇಳುತ್ತೇನೆ. ಹೊಸ ಗುಂಪಿಗೆ ಸೇರುವ ದಿನವೇ ಒಂದು ಹಾಳೆಯಲ್ಲಿ ಬರೆಯಿರಿ: ಇಷ್ಟು ದುಡ್ಡಿಗಿಂತ ಜಾಸ್ತಿ ಕೊಡಲ್ಲ, ಇಂಥದ್ದು ಮಾಡಲು ಹೇಳಿದರೆ ಹೊರಡುತ್ತೇನೆ. ಆ ಹಾಳೆಯನ್ನು ಗುಂಪಿನ ಹೊರಗಿನ ಗೆಳೆಯರಿಗೆ ಕೊಡಿ. ಗೆರೆ ಸರಿಯುತ್ತಾ ಹೋಗುವುದು ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ.

ಹೊರಗಿನ ಆ ಒಬ್ಬರು ಬಹಳ ಮುಖ್ಯ. 1950ರ ದಶಕದಲ್ಲಿ ಮನೋವಿಜ್ಞಾನಿ ಸಾಲೊಮನ್ ಆ್ಯಶ್ ಮಾಡಿದ ಗೆರೆಗಳ ಪ್ರಯೋಗದಲ್ಲಿ, ಯಾವ ಗೆರೆ ಎಷ್ಟು ಉದ್ದ ಅನ್ನುವುದು ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಆದರೂ ಮಿಕ್ಕವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಪರೀಕ್ಷೆಗೆ ಒಳಗಾದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದರಷ್ಟು ತಪ್ಪಾದವು. ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿ ಉತ್ತರ ಹೇಳುವಂತೆ ಮಾಡಿದಾಗ ಆ ಒತ್ತಡ ಬಹಳಷ್ಟು ಕರಗಿತು. ಹಿಡಿತ ಬಯಸುವ ಗುಂಪುಗಳು ಹಳೆಯ ಗೆಳೆಯರನ್ನು, ಅಕ್ಕ-ತಮ್ಮಂದಿರನ್ನು ಮೊದಲು ದೂರ ಮಾಡುವುದು ಇದಕ್ಕೇ.

ಹಾಗಾಗಿ ಮನೆಯವರಿಗೆ ನಾನು ಕೈಮುಗಿದು ಹೇಳುವುದು: ವಾದ ಮಾಡಬೇಡಿ, ಗೇಲಿ ಮಾಡಬೇಡಿ, ಫೋನ್ ಮಾಡುವುದನ್ನು ನಿಲ್ಲಿಸಬೇಡಿ. ಕಷ್ಟಪಟ್ಟು ಪಡೆದದ್ದು ಮನುಷ್ಯರಿಗೆ ಹೆಚ್ಚು ಪ್ರಿಯ. ಗುಂಪಿಗಾಗಿ ಕೆಲಸ, ದುಡ್ಡು, ವರ್ಷಗಳನ್ನು ಕೊಟ್ಟವರಿಗೆ “ಅದೆಲ್ಲ ಮೋಸ” ಅಂದರೆ, “ನಿನ್ನ ಬದುಕೇ ದಂಡ” ಅಂದಂತೆ ಕೇಳಿಸುತ್ತದೆ. ಅವರು ಓಡಿಹೋಗುವುದು ಗುಂಪಿನ ಕಡೆಗೇ. ಅದರ ಬದಲು ಹಬ್ಬದ ಸುದ್ದಿ ಹೇಳಿ, ಅಜ್ಜಿಯ ಮಂಡಿನೋವಿನ ಸುದ್ದಿ ಹೇಳಿ. ಅವರೇ ಏನಾದರೂ ಬೇಸರ ತೋಡಿಕೊಂಡಾಗ ಮೆಲ್ಲಗೆ ಒಂದು ಪ್ರಶ್ನೆ ಕೇಳಿ: “ಇದನ್ನು ಅಲ್ಲಿ ಯಾರ ಹತ್ತಿರ ಹೇಳಿಕೊಳ್ಳಬಹುದು?” ಉತ್ತರಕ್ಕೆ ಒತ್ತಾಯ ಬೇಡ.

ಇದಕ್ಕೆಲ್ಲ ದೊಡ್ಡ ಗುಂಪೇ ಬೇಕೆಂದಿಲ್ಲ, ಇಬ್ಬರು ಸಾಕು. ಯಾರ ಜೊತೆ ಮಾತಾಡಬೇಕು, ಎಷ್ಟು ಖರ್ಚು ಮಾಡಬೇಕು, ಏನು ಉಡಬೇಕು ಅಂತ ಸಂಗಾತಿಯೊಬ್ಬರೇ ತೀರ್ಮಾನಿಸುವ ಮನೆಗಳನ್ನು ನಾನು ನೋಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹತ್ತಿರದ ಸಂಬಂಧದೊಳಗಿನ ಇಂಥ ಹಿಡಿತವನ್ನು 2015ರ ಕಾನೂನು ಅಪರಾಧ ಎಂದು ಮಾಡಿದೆ. ಏಟು ಬಿದ್ದಿರಲೇಬೇಕೆಂದಿಲ್ಲ. ಇದು ಸರಿಯಾದ ಕಾನೂನು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ನನ್ನ ಕೆಲಸವೂ ಈ ಪರೀಕ್ಷೆಯಿಂದ ಹೊರಗಿಲ್ಲ. ನೊಂದವರು ಮುಚ್ಚಿದ ಕೋಣೆಯಲ್ಲಿ ನನ್ನ ಮಾತನ್ನು ಬಹಳ ನಂಬುತ್ತಾರೆ. ಅದಕ್ಕೇ ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ: ಕಾರಣ ಕೊಡದೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಬೇರೆಯವರ ಅಭಿಪ್ರಾಯ ಕೇಳಬಹುದು, ಇಲ್ಲಿ ಆಡಿದ ಮಾತನ್ನು ನೀವು ಯಾರಿಗೆ ಬೇಕಾದರೂ ಹೇಳಬಹುದು.

ಹೊರಬಂದವರ ಮೊದಲ ತಿಂಗಳುಗಳು ಕಷ್ಟದವು. ಆಗ ನಂಬಿಕೆಗಳ ಚರ್ಚೆಗೆ ನಾನು ಕೈಹಾಕುವುದಿಲ್ಲ. ಮೊದಲು ನಿದ್ದೆ, ಡಾಕ್ಟರ ಹತ್ತಿರ ಒಂದು ತಪಾಸಣೆ, ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ, ಯಾವ ಕಾಗದಕ್ಕೆ ಸಹಿ ಹಾಕಿದ್ದಾರೆ ಅಂತ ನೋಡುವುದು. ಮನೆಯವರಿಗೆ ಒಂದೇ ಕಟ್ಟುಪಾಡು ಹಾಕುತ್ತೇನೆ: “ನಾವು ಆವತ್ತೇ ಹೇಳಿರಲಿಲ್ವಾ” ಅನ್ನುವ ಮಾತು ಬಾಯಿಂದ ಬರಕೂಡದು.